ಸೈನ್ಯದ ರೈಫಲ್ ಕೇಳೋ ಹುಡುಗ್ರಿಗೆ

ಸಂಪಾದಕರಿಗೆ ನಮಸ್ಕಾರ ರೀ,

ನಾ ಸೈನ್ಯದಿಂದ ರಿಟೈರ್ ಆಗಿ ಬೆಳಗಾವ್ಯಾಗ ಇರಾಂವ. ನಮ್ಮ ಓಣಿ ಹುಡುಗ್ರು ಮೊಬೈಲ್‌ನ್ಯಾಗ ಅಮೆರಿಕದ ವಿಡಿಯೋ ನೋಡಿ ಬಂದು, ಕಾಕಾ, ಅಲ್ಲಿ ಸೈನ್ಯದ ಸ್ನೈಪರ್ ರೈಫಲ್ ಎಂ24 ಛಲೋನೋ ಎಂ40 ಛಲೋನೋ, ನಾವೂ ಒಂದು ತಗೋಬೇಕು ಅಂತಾರ. ಅವೆರಡೂ ರೆಮಿಂಗ್ಟನ್ ಕಂಪನಿಯ 700 ಅನ್ನೋ ರೈಫಲ್ ಮ್ಯಾಲೇ ಕಟ್ಟಿದ್ದು, ಆ ರೈಫಲ್ ಅಲ್ಲಿ ಸಾದಾ ಮಂದಿಗೂ ಸಿಗತೈತಿ, ಅದಕ್ಕ ಅಲ್ಲಿಯವರಿಗೆ ಯಾವ್ದು ತಗೋಳೋದು ಅನ್ನೋ ಪ್ರಶ್ನೆ ಬರ್ತೈತಿ. ನಮ್ಮಲ್ಲಿ ಹಂಗಿಲ್ರಿ, ಸೈನ್ಯದ ಗುಂಡು ಹಾರಿಸೋ .303, 7.62 ಎಂಎಂ ಬೋರ್ (ನಳಿಕೆ ತೂತಿನ ಅಳತಿ) ರೈಫಲ್ ಸಾಮಾನ್ಯರಿಗೆ ನಿಷೇಧ, ಬೆಳೆ ಕಾಯಾಕ ಲೈಸೆನ್ಸ್ ಇದ್ದವ್ರಿಗೂ ಅಷ್ಟ, ಲೈಸೆನ್ಸ್ ಇದ್ರ .315 ಬೋರ್ ರೈಫಲ್ ತಗೋಬಹುದು, ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮ್ಯಾಲೆ ಸಾಮಾನ್ಯವಾಗಿ ಒಬ್ರಿಗೆ ಎರಡೇ ಬಂದೂಕು.

ಗುರಿ ಕಲಿಬೇಕು ಅನ್ನೋ ಆಸೆ ತಪ್ಪಲ್ಲ, ನನಗೂ ಆ ಹುಚ್ಚು ಐತಿ. ಆದ್ರ ಗುರಿ ಬರೋದು ರೈಫಲ್ ಹೆಸರಿನಿಂದ ಅಲ್ಲ, ಉಸಿರು ಹಿಡಿಯೋದು, ಟ್ರಿಗರ್ ಮೆಲ್ಲಕ ಒತ್ತೋದು, ದಿನಾ ರೂಢಿ ಮಾಡೋದು, ಇದರಿಂದ. ಗಾಳಿ ಒತ್ತಡದಿಂದ ಹಾರಿಸೋ .177 ಬೋರ್ ಏರ್ ರೈಫಲ್‌ನ ಹೊಡೆತದ ಶಕ್ತಿ 20 ಜೂಲ್ ಒಳಗಿದ್ರ ಲೈಸೆನ್ಸೂ ಬೇಕಿಲ್ಲ, ಒಲಿಂಪಿಕ್‌ದಾಗ 10 ಮೀಟರ್ ಸ್ಪರ್ಧೆ ಅದ್ರಾಗೇ ನಡಿತೈತಿ, 2008ರಾಗ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಅದರಾಗ. ಸರ್ಕಾರದವ್ರ, ನಮ್ಮ ಜಿಲ್ಲೆಯ ತಾಲೂಕುಗಳಾಗೂ ಏರ್ ರೈಫಲ್‌ನ್ಯಾಗ ಗುರಿ ಕಲಿಯೋ ಒಂದೊಂದು ರೇಂಜ್ ಮಾಡಿಕೊಡ್ರಿ, ಕಲಿಸಾಕ ನನ್ನಂಥ ಮಾಜಿ ಸೈನಿಕ್ರು ಬರ್ತೀವಿ.

ಓರ್ವ ಮಾಜಿ ಸೈನಿಕ, ಬೆಳಗಾವಿ