ಸುಣ್ಣಕಲ್ಲಿನ ನಾಡು ಅಸ್ತೂರಿಯಸ್

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಸಂಘದ ಮನೆಗಳಲ್ಲಿ ಸ್ಪೇನ್ ಪ್ರವಾಸದ ಮಾತು ಶುರುವಾಗುತ್ತದೆ. ಹೆಚ್ಚಿನವರು ಹೊರಡುವುದು ಬಾರ್ಸಿಲೋನಾಕ್ಕೆ, ಇಲ್ಲವೇ ದಕ್ಷಿಣದ ಬಿಸಿಲಿಗೆ. ಈ ಸಲ ಉತ್ತರದ ಅಸ್ತೂರಿಯಸ್ ಕಡೆಗೂ ಹೋಗಿ ಬನ್ನಿ ಎಂಬುದು ನನ್ನ ಒತ್ತಾಯ. ಹತ್ತು ಲಕ್ಷದಷ್ಟು ಜನರಿರುವ ಪುಟ್ಟ ಪ್ರಾಂತ್ಯ ಅದು. ಕಡಲಿಂದ ಎದ್ದ ಮೋಡ ಬೆಟ್ಟಕ್ಕೆ ತಡೆದು ಅಲ್ಲೇ ಸುರಿಯುವುದರಿಂದ ನೆಲವೆಲ್ಲ ಹುಲ್ಲುಗಾವಲು, ಸೇಬಿನ ತೋಟ.

ಆ ಸೀಮೆಯ ಪೂರ್ವ ಭಾಗವನ್ನು ಅರಿಯಲು ಸುಣ್ಣಕಲ್ಲಿನಿಂದ ಶುರುಮಾಡಬೇಕು. ಅಲ್ಲಿನ ಪಿಕೋಸ್ ದೆ ಯೂರೋಪಾ ಎಂಬ ಸುಣ್ಣಕಲ್ಲಿನ ಪರ್ವತಗಳು 2,600 ಮೀಟರ್‌ಗೂ ಎತ್ತರ. ಆದರೂ ಅಲ್ಲಿಂದ ಸಮುದ್ರ ದೂರವೇನಲ್ಲ. ಇದೇ ಪರ್ವತಸಾಲಿನ ಕೊವಡೋಂಗಾದ ಬೆಟ್ಟಗಳನ್ನು 1918ರಲ್ಲೇ ಸ್ಪೇನಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಮಳೆನೀರು ಈ ಕಲ್ಲನ್ನು ಕರಗಿಸಿ ಗುಹೆ ಕೊರೆಯುತ್ತದೆ. ಆ ತಂಪು, ತೇವದ ಗುಹೆಗಳಲ್ಲೇ ಕಬ್ರಾಲೆಸ್ ಚೀಸ್ ಹಣ್ಣಾಗುವುದು. ಹಸುವಿನ ಹಾಲು, ಕೆಲವೊಮ್ಮೆ ಕುರಿ, ಮೇಕೆಯ ಹಾಲೂ ಸೇರಿಸಿ ಮಾಡಿದ ಚೀಸನ್ನು ತಿಂಗಳುಗಟ್ಟಲೆ ಅಲ್ಲಿಟ್ಟು, ಆಗಾಗ ತಿರುವಿ ಹಾಕುತ್ತಾರೆ. ಒಳಗೆಲ್ಲ ನೀಲಿ ಬೂಷ್ಟು ಹರಡಿ, ನಾಲಿಗೆ ಚುರುಕೆನ್ನುವ ಖಾರ ಬರುತ್ತದೆ. ಅಂಥ ಚೀಸ್ ಮಾಡುವುದು ಕುರುಬರ ತಲೆಮಾರುಗಳ ತಾಳ್ಮೆಯ ಕೆಲಸ. ಸಸ್ಯಾಹಾರಿಗಳು ಮಾತ್ರ ಕೇಳಿಕೊಂಡು ತಿನ್ನಿ: ಹಾಲು ಹೆಪ್ಪುಗಟ್ಟಿಸಲು ಪ್ರಾಣಿಯ ಜಠರದಿಂದ ತೆಗೆದ ಹೆಪ್ಪು ಬಳಸುವುದು ಅಲ್ಲಿನ ರೂಢಿ.

ಕಡಲಂಚಿನಲ್ಲೂ ಅದೇ ಕಲ್ಲಿನ ಆಟ. ಯಾನೆಸ್ ಪಟ್ಟಣದ ಬಳಿಯ ಗುಲ್ಪಿಯೂರಿ ಕಡಲತೀರದಲ್ಲಿ ನಿಂತರೆ ಕಡಲೇ ಕಾಣುವುದಿಲ್ಲ! ಸುತ್ತ ಹುಲ್ಲುಗಾವಲು, ನಡುವೆ ಒಂದಿಷ್ಟು ಮರಳು. ಬಂಡೆಯಡಿಯ ಸುರಂಗಗಳಿಂದ ಉಪ್ಪುನೀರು ನುಗ್ಗಿ ಬಂದು ಅಲೆಯಾಗುತ್ತದೆ. ಇಳಿತದ ಹೊತ್ತಿಗೆ ಹೋದರೆ ನೀರೇ ಇರದಿರಬಹುದು, ಉಬ್ಬರ ನೋಡಿಕೊಂಡು ಹೊರಡಿ. ಪ್ರಿಯಾ ಎಂಬಲ್ಲಿ ಕಡಲು ಅಬ್ಬರಿಸುವಾಗ ಬಂಡೆಯ ಬಿಲಗಳಿಂದ ನೀರು ಭೋರ್ಗರೆದು ಮೇಲಕ್ಕೆ ಚಿಮ್ಮುತ್ತದೆ. ಮಕ್ಕಳನ್ನು ಆ ಬಿಲಗಳ ಹತ್ತಿರ ಬಿಡಲೇಬೇಡಿ.

ಊಟದ ಮಾತಿಗೆ ಬಂದರೆ ಮೊದಲ ಹೆಸರು ಫಬಾದಾ. ದಪ್ಪ ಬಿಳಿ ಅವರೆಯಂಥ ಕಾಳನ್ನು ರಾತ್ರಿ ನೆನೆಹಾಕಿ, ಹಂದಿಮಾಂಸ, ಮಸಾಲೆ ತುಂಬಿದ ಸಾಸೇಜ್‌ಗಳ ಜೊತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಾಳು ಬೆಣ್ಣೆಯಂತಾಗಬೇಕು, ಸಿಪ್ಪೆ ಒಡೆಯಬಾರದು. ಅದಕ್ಕೇ ಸೌಟು ಹಾಕದೆ ಪಾತ್ರೆಯನ್ನೇ ಅಲ್ಲಾಡಿಸುವುದು. ಜೊತೆಗೆ ಸಿದ್ರಾ, ಸೇಬಿನ ರಸ ಹುದುಗಿಸಿದ ಮದ್ಯ. ಬಾಟಲಿಯನ್ನು ತಲೆಯಿಂದ ಮೇಲಕ್ಕೆತ್ತಿ, ಕೆಳಗೆ ಹಿಡಿದ ಲೋಟದ ಅಂಚಿಗೆ ಬೀಳುವಂತೆ ಒಂದೆರಡು ಗುಟುಕಷ್ಟೇ ಸುರಿಯುತ್ತಾರೆ. ಬಿದ್ದ ರಭಸಕ್ಕೆ ನೊರೆಯೆದ್ದು ಪರಿಮಳ ಅರಳುತ್ತದೆ, ಅದು ಇಳಿಯುವ ಮುಂಚೆ ಕುಡಿದುಬಿಡಬೇಕು. ಈ ಸಿದ್ರಾ ಸಂಸ್ಕೃತಿಗೆ 2024ರಲ್ಲಿ ಯುನೆಸ್ಕೋ ಮಾನ್ಯತೆಯೂ ದೊರೆತಿದೆ.

ಮಾಂಸ, ಮದ್ಯ ಬೇಡವೆನ್ನುವವರು ನಿರಾಶರಾಗಬೇಕಿಲ್ಲ. ಅಕ್ಕಿಯನ್ನು ಹಾಲಿನಲ್ಲಿ ನಿಧಾನವಾಗಿ ಬೇಯಿಸಿ, ನಿಂಬೆಸಿಪ್ಪೆ, ದಾಲ್ಚಿನ್ನಿ ಹಾಕಿ, ಮೇಲೆ ಸಕ್ಕರೆ ಉದುರಿಸಿ ಕಾದ ಕಬ್ಬಿಣದಿಂದ ಸುಟ್ಟ ಅವರ ಪಾಯಸವನ್ನು ಕೇಳಿ ತರಿಸಿಕೊಳ್ಳಿ. ಗಟ್ಟಿಯಾದ ಆ ಕಂದು ಪದರವನ್ನು ಚಮಚದಿಂದ ಒಡೆದು ತಿನ್ನಬೇಕು.