ಇಂಜಿನ್ ಇಳಿಸುವ ಮೊದಲು

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಪಿಕಪ್ ನೀಲಿ ಹೊಗೆ ಬಿಡುತ್ತಿದೆ, 800 ಕಿಲೋಮೀಟರಿಗೆ 1 ಲೀಟರ್ ಆಯಿಲ್ ಕುಡಿಯುತ್ತಿದೆ, ಲೋಡ್ ಹಾಕಿದರೆ ಏರಿನಲ್ಲಿ ಮೊದಲಿನ ಎಳೆತವಿಲ್ಲ ಎಂದು ಬರೆದಿದ್ದೀಯೆ. ನೋಡಿದ ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಇಂಜಿನ್ ಬೋರಿಗೆ ಬಂದಿದೆ (ಸಿಲಿಂಡರ್ ಸವೆದು, ಕೊರೆದು ಅಗಲಿಸಬೇಕಾಗಿದೆ), ಇಳಿಸಿ ಪೂರ್ತಿ ಮಾಡಿಸಿಬಿಡಿ ಎಂದರೆ, ಇನ್ನೊಬ್ಬರು ಹೆಡ್, ಅಂದರೆ ವಾಲ್ವ್‌ಗಳಿರುವ ಮೇಲಿನ ಭಾಗದ ಕೆಲಸ ಮಾಡಿದರೆ ಸಾಕು ಎಂದಿದ್ದಾರೆ. ಯಾರ ಮಾತು ಕೇಳಲಿ ಎಂಬುದು ನಿನ್ನ ಪ್ರಶ್ನೆ. ಅವರಿಬ್ಬರಲ್ಲಿ ಯಾರಾದರೂ ಗೇಜ್ (ಒತ್ತಡ ಅಳೆಯುವ ಮಾಪಕ) ಹಾಕಿ ನೋಡಿದರೆಂಬ ಸಂಗತಿ ನಿನ್ನ ಪತ್ರದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡು. ಹೊಗೆಯ ಬಣ್ಣವೊಂದನ್ನೇ ನೋಡಿ ಇಂಜಿನ್ ಬಿಚ್ಚಿಸಬಾರದು.

ಹೊಗೆ ಬರುತ್ತದೆ ಎಂದಷ್ಟೇ ಬರೆದಿದ್ದೀಯೆ, ಯಾವಾಗ ಬರುತ್ತದೆ ಎಂಬುದನ್ನು ಬರೆದಿಲ್ಲ. ನನಗೆ ಬೇಕಾದದ್ದು ಅದು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಂದು ಆಮೇಲೆ ನಿಂತುಹೋದರೆ, ಅಥವಾ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಕೆಳಗೆ ಬಂದು ಮತ್ತೆ ಒತ್ತಿದಾಗ ಹಿಂದೆ ಹೊಗೆಯ ಮೋಡ ಎದ್ದರೆ, ವಾಲ್ವ್‌ಗಳ ಕಾಂಡಕ್ಕೆ ತೊಡಿಸಿರುವ ರಬ್ಬರ್ ಸೀಲುಗಳು ಗಟ್ಟಿಯಾಗಿ ಸೀಳಿ, ಆಯಿಲ್ ಅವುಗಳ ಮೂಲಕ ಸಿಲಿಂಡರಿಗೆ ಇಳಿಯುತ್ತಿರುವ ಸಾಧ್ಯತೆ ಹೆಚ್ಚು. ಹಾಗಲ್ಲದೆ ಲೋಡ್ ಹೊತ್ತು ಏರು ಹತ್ತುವಾಗಲೇ ಬಿಡದೆ ಹೊಗೆ ಬರುತ್ತಿದ್ದು, ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ರಭಸವಾಗಿ ಉಗುಳಿದರೆ, ಆಗ ಪಿಸ್ಟನ್ ರಿಂಗ್‌ಗಳ, ಅಂದರೆ ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರುವ ಬಳೆಗಳ ಮೇಲೆ ಸಂಶಯ ಪಡಬೇಕು. ಮೊದಲನೆಯದಕ್ಕೆ ಹೆಡ್ ಇಳಿಸುವ ಅಗತ್ಯವೂ ಇಲ್ಲ. ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಗೆ ಮೆತ್ತನೆಯ ಹಗ್ಗವನ್ನು ತುರುಕಿ, ಪಿಸ್ಟನ್ನನ್ನು ನಿಧಾನವಾಗಿ ಮೇಲಕ್ಕೆ ತಂದರೆ, ಆ ಹಗ್ಗದ ಮುದ್ದೆ ವಾಲ್ವ್‌ಗಳು ಒಳಗೆ ಬೀಳದಂತೆ ಎತ್ತಿ ಹಿಡಿಯುತ್ತದೆ. ಆಗ ಸ್ಪ್ರಿಂಗ್ ಒತ್ತಿ, ಲಾಕ್ ತೆಗೆದು, ಹಳೆಯ ಸೀಲ್ ಕಿತ್ತು ಹೊಸದನ್ನು ಕೂರಿಸಬಹುದು. ಹಗ್ಗದ ತುದಿ ಹೊರಗಿರಲಿ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೂ ಅಗ್ಗದ ಕಾರಣಗಳೂ ಇರುತ್ತವೆ. ಇಂಜಿನ್ನಿನ ಕೆಳಹೊಟ್ಟೆಯಲ್ಲಿ ಸೇರುವ ಗಾಳಿಯನ್ನು ಹೊರಗೆ ಕಳಿಸುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಇಂಜಿನ್ ಆಯಿಲ್ ಸುಡುತ್ತದೆ. ಕುಡಿಯುತ್ತಿದೆ ಎಂದುಕೊಂಡ ಆಯಿಲ್ ಸುಮ್ಮನೆ ಸೋರಿಹೋಗುತ್ತಿರಲೂಬಹುದು. ಒಂದು ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ನೋಡು.

ಇವಿಷ್ಟು ಮುಗಿದ ಮೇಲೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೆ ಎಂಬುದರ ಪರೀಕ್ಷೆ ಮಾಡಿಸು, ಸಾಧ್ಯವಾದರೆ ಎದುರಿಗೆ ನಿಂತು ಮಾಡಿಸು. ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಮತ್ತು ಕರೆಂಟ್ ಎರಡನ್ನೂ ತಪ್ಪಿಸಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಒಬ್ಬರು ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿ ಹಿಡಿದಿರಬೇಕು. ಪ್ರತಿ ಸಿಲಿಂಡರಿಗೂ ಒಂದೇ ಲೆಕ್ಕದಲ್ಲಿ ಐದಾರು ಸುತ್ತು ಸೆಲ್ಫ್ ಹೊಡೆದು ಗೇಜಿನ ಅಂಕಿಯನ್ನು ಬರೆದುಕೊಳ್ಳಬೇಕು. ಆಕ್ಸಿಲರೇಟರ್ ಒತ್ತುವುದನ್ನು ಮರೆತು, ಒಳ್ಳೆಯ ಇಂಜಿನ್ನನ್ನೇ ಸತ್ತಿದೆ ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ. ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 125ರಿಂದ 180 ಪಿಎಸ್‌ಐ (ಒತ್ತಡದ ಅಳತೆ) ಒಳಗೆ ಬರುತ್ತದೆ. ನಿನ್ನ ಇಂಜಿನ್ನಿಗೆ ಸರಿಯಾದ ಅಂಕಿ ಎಷ್ಟೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊ. ಅಂಕಿ ದೊಡ್ಡದಿರುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇರುವುದು ಮುಖ್ಯ. ಅತಿ ಕಡಿಮೆ ಬಂದ ಸಿಲಿಂಡರ್ ಅತಿ ಹೆಚ್ಚು ಬಂದದ್ದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿಯಬಾರದು. ಇಳಿದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ನೋಡು. ಅಂಕಿ ಥಟ್ಟನೆ ಮೇಲೆದ್ದರೆ ಸೋರುತ್ತಿರುವುದು ರಿಂಗ್‌ಗಳ ಬಳಿ. ಇದ್ದಲ್ಲೇ ಇದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಸೋರದಂತೆ ಕೂರಿಸುವ ಹಾಳೆ). ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವುದೇ ಹೆಚ್ಚು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು: ಕಂಪ್ರೆಷನ್ ಚೆನ್ನಾಗಿ ಬಂದ ಮಾತ್ರಕ್ಕೆ ಎಲ್ಲ ರಿಂಗ್‌ಗಳೂ ಚೆನ್ನಾಗಿವೆ ಎಂದಲ್ಲ, ಏಕೆಂದರೆ ಎಲ್ಲಕ್ಕಿಂತ ಕೆಳಗಿನ ಆಯಿಲ್ ರಿಂಗ್ ಮಸಿ ತುಂಬಿ ಅಂಟಿಕೊಂಡಿದ್ದರೂ ಮೇಲಿನೆರಡು ರಿಂಗ್‌ಗಳು ಗೇಜಿಗೆ ಒಳ್ಳೆಯ ಅಂಕಿಯನ್ನೇ ಕೊಡುತ್ತವೆ.

ಮೇಲ್ಭಾಗದ ಮಾತು ಅಲ್ಲಿಗಾಯಿತು. ತೀರ್ಮಾನ ನಿಜವಾಗಿ ನಿಂತಿರುವುದು ಕೆಳಭಾಗದ ಮೇಲೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಮತ್ತು ಅದರ ಬೇರಿಂಗ್‌ಗಳ ಮೇಲೆ. ಡ್ಯಾಶ್‌ಬೋರ್ಡಿನ ಆಯಿಲ್ ದೀಪವನ್ನು ನಂಬಿ ಕೂರಬೇಡ. ಅದು ಹತ್ತುವ ಹೊತ್ತಿಗೆ ಆಗಬೇಕಾದ ಹಾನಿ ಬಹುಪಾಲು ಆಗಿರುತ್ತದೆ. ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿಸಿ, ಇಂಜಿನ್ ಬಿಸಿಯಾದ ಮೇಲೆ ಒತ್ತಡ ನೋಡು. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. ಮುಂದಿನ ಸಲ ಆಯಿಲ್ ಬದಲಾಯಿಸಿದಾಗ ಹಳೆಯ ಫಿಲ್ಟರನ್ನು ಎಸೆಯದೆ, ತಗಡನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡು. ಬೇಗಡೆಯ ಪುಡಿಯಂತೆ ಹೊಳೆಯುವ ಚೂರುಗಳಿದ್ದರೆ, ಅದರಲ್ಲೂ ತಾಮ್ರದ ಬಣ್ಣದವು ಕಂಡರೆ, ಬೇರಿಂಗಿನ ಮೇಲ್ಪದರ ಸವೆದು ಒಳಪದರಕ್ಕೆ ಬಂದಿದೆ ಎಂದು ತಿಳಿ. ಕೆಳಗಿನಿಂದ ದಪ್ಪನೆಯ ಕುಟ್ಟುವ ಸದ್ದು ಕೇಳುತ್ತಿದ್ದರೆ, ಒಂದೊಂದೇ ಸಿಲಿಂಡರಿನ ಪ್ಲಗ್ ಕರೆಂಟ್ ತಪ್ಪಿಸಿ ಕೇಳಬೇಕು. ಯಾವುದನ್ನು ತಪ್ಪಿಸಿದಾಗ ಸದ್ದು ಮೆತ್ತಗಾಗುತ್ತದೆಯೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳಿನ) ಬೇರಿಂಗ್ ಹೋಗಿದೆ. ಹಾಗೇನಾದರೂ ಇದ್ದರೆ ಗಾಡಿಯನ್ನು ಆ ದಿನವೇ ನಿಲ್ಲಿಸು.

ನನ್ನ ಅಭಿಪ್ರಾಯ ಹೀಗಿದೆ. ಕೆಳಭಾಗ ಗಟ್ಟಿಯಾಗಿದ್ದು ದೋಷ ಮೇಲಿದ್ದರೆ ರಿಪೇರಿಯೇ ಸಾಕು, ಅದಕ್ಕೆ ಸಂಕೋಚ ಬೇಡ. ಕೆಳಭಾಗ ಸವೆದಿದ್ದರೆ ಪೂರ್ತಿ ಬಿಚ್ಚಿಸು, ಇಲ್ಲವೇ, ಕುಟ್ಟುವ ಸದ್ದಾಗಲಿ ತಾಮ್ರದ ಚೂರಾಗಲಿ ಇನ್ನೂ ಕಂಡಿಲ್ಲದಿದ್ದರೆ, ಅದಕ್ಕೆ ಕೈ ಹಾಕಲೇಬೇಡ, ಆಯಿಲ್ ತುಂಬಿಸುತ್ತ ಓಡುವಷ್ಟು ದಿನ ಓಡಿಸು. ಸವೆದ ಕೆಳಭಾಗದ ಮೇಲೆ ಹೊಸ ಹೆಡ್ ಕೆಲಸ ಮಾಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅರ್ಧ ಕೆಲಸದ ಪಾಠ ನನಗೆ ದುಬಾರಿಯಾಗಿಯೇ ದಕ್ಕಿದೆ. ನಾನು ನಿನ್ನ ವಯಸ್ಸಿನಲ್ಲಿ ಓಡಿಸುತ್ತಿದ್ದ ಗಾಡಿಯೂ ಹೀಗೆಯೇ ಆಯಿಲ್ ಕುಡಿಯತೊಡಗಿದಾಗ, ಬೋರ್ ಮಾಡಿಸುವ ಖರ್ಚು ಉಳಿಸಲೆಂದು ಹಳೆಯ ಪಿಸ್ಟನ್ನಿಗೇ ಹೊಸ ರಿಂಗ್ ಹಾಕಿಸಿದೆ. ಸಿಲಿಂಡರಿನ ಗೋಡೆ ರಿಂಗ್ ಓಡಾಡುವಷ್ಟು ಉದ್ದಕ್ಕೆ ಮಾತ್ರ ಸವೆಯುತ್ತದೆ. ಅದಕ್ಕಿಂತ ಮೇಲೆ, ಬಾಯಿಯ ಹತ್ತಿರ, ಸವೆಯದೆ ಉಳಿದ ಲೋಹದ ಒಂದು ಸಣ್ಣ ಅಂಚು ಸುತ್ತಲೂ ಎದ್ದಿರುತ್ತದೆ. ಉಗುರಿನಿಂದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಅದು ಮೆಟ್ಟಿಲಿನಂತೆ ತಡೆಯುತ್ತದೆ. ಹಳೆಯ ರಿಂಗ್ ಅದರೊಂದಿಗೇ ಸವೆದು ಹೊಂದಿಕೊಂಡಿತ್ತು. ಹೊಸ ರಿಂಗಿನ ಚೂಪು ಮೂಲೆ ಪ್ರತಿ ಸುತ್ತಿಗೂ ಆ ಅಂಚಿಗೆ ಬಡಿದು ಬಡಿದು, ಕೆಲವೇ ವಾರಗಳಲ್ಲಿ ತುಂಡಾಗಿ, ಗೋಡೆಯ ಮೇಲೆ ನೇಗಿಲು ಹೊಡೆದಂತೆ ಗೀರು ಎಳೆಯಿತು. ಮೊದಲೇ ಮಾಡಿಸಿದ್ದರೆ 0.50 ಮಿಲಿಮೀಟರ್ ಓವರ್‌ಸೈಜಿನಲ್ಲಿ (ಮೂಲ ಅಳತೆಗಿಂತ ಅಷ್ಟು ಅಗಲಿಸುವುದರಲ್ಲಿ) ಮುಗಿಯುತ್ತಿದ್ದ ಬೋರು, ಆ ಗೀರು ಹೋಗಲೆಂದು 1 ಮಿಲಿಮೀಟರಿಗೆ ಹೋಯಿತು. ರಿಂಗ್ ಹಾಕಿದವರಿಗೆ ಆ ಅಂಚಿನ ವಿಷಯ ಗೊತ್ತಿರಲಿಲ್ಲವೆಂದು ನಾನು ಇಂದಿಗೂ ನಂಬುವುದಿಲ್ಲ, ಆದರೆ ಮುಟ್ಟಿ ನೋಡದಿದ್ದದ್ದು ನನ್ನ ತಪ್ಪೂ ಹೌದು.

ಆದ್ದರಿಂದ ಹೆಡ್ ಇಳಿಸಿದ ದಿನ ನೀನು ಅಲ್ಲಿರಬೇಕು. ಆ ಅಂಚನ್ನು ನಿನ್ನ ಉಗುರಿನಿಂದಲೇ ಮುಟ್ಟಿ ನೋಡು. ಗೋಡೆಯ ಮೇಲೆ, ಹೋನಿಂಗ್ (ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಮಾಡುವಾಗ ಬಿದ್ದ ಅಡ್ಡಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದರೆ ಬೋರು ಹೆಚ್ಚು ಸವೆದಿಲ್ಲ. ಕನ್ನಡಿಯಂತೆ ನುಣ್ಣಗಾಗಿದ್ದರೆ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಿಸು. ಅಳತೆ ಕೈಪಿಡಿಯ ಮಿತಿ ದಾಟಿದ್ದರೆ ಮೇಲಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಇಂಜಿನ್ ಇಳಿಸುವ ತೀರ್ಮಾನ ತೆಗೆದುಕೊ.

ಹಾಗೆ ತೀರ್ಮಾನಿಸುವ ಮೊದಲು ಗಾಡಿಯ ಉಳಿದ ಮೈಯನ್ನೂ ನೋಡಬೇಕು. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಪ್ಪೆನ್ನುತ್ತದೆ. ಟೊಳ್ಳಾದ ಚಾಸಿಗೆ ಹೊಸ ಇಂಜಿನ್ ಕೂರಿಸುವುದು ಹಣ ಸುಟ್ಟಂತೆ. ಓವರ್‌ಸೈಜ್ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಇವು ನಿನ್ನ ಮಾಡೆಲ್ಲಿಗೆ ಇನ್ನೂ ಸಿಗುತ್ತವೆಯೇ ಎಂಬುದನ್ನು ಇಂಜಿನ್ ಇಳಿಸುವ ಮೊದಲೇ ಖಚಿತ ಮಾಡಿಕೊ, ಇಲ್ಲವಾದರೆ ಗಾಡಿ ತಿಂಗಳುಗಟ್ಟಲೆ ತುಂಡುತುಂಡಾಗಿ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತದೆ. ಹಳೆಯ ಗಾಡಿಯಿಂದ ಕಳಚಿದ ಇಂಜಿನ್ ತಂದು ಕೂರಿಸಬಹುದೆಂದು ಯಾರಾದರೂ ಹೇಳಿದರೆ, ಅದಕ್ಕೂ ಇದೇ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಒಪ್ಪಬೇಡ.

ಪೂರ್ತಿ ಕಟ್ಟಿಸುವುದೇ ಆದರೆ, ಪಿಸ್ಟನ್ ಮೊದಲು ಕೈಗೆ ಬರಬೇಕು, ಬೋರ್ ಆಮೇಲೆ ಆಗಬೇಕು. ಲೇತ್‌ನವರು ಆ ಪಿಸ್ಟನ್ನನ್ನೇ ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಬೋರ್ ಮಾಡಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ ಎಷ್ಟು ತೆಗೆದರು, 0.25 ಮಿಲಿಮೀಟರೋ 0.50 ಮಿಲಿಮೀಟರೋ ಎಂಬುದನ್ನು ಕೇಳಿ ಬರೆದುಕೊಂಡು, ಅದೇ ಅಳತೆಯ ಬೇರಿಂಗ್ ತರಿಸು. ಹೆಡ್ಡಿನಲ್ಲಿ ಬಿರುಕು ಇದೆಯೇ, ಅದರ ತಳ ಬಾಗಿದೆಯೇ ಎಂದು ನೋಡಿಸು. ಇಂಜಿನ್ ಹೇಗೂ ಕೆಳಗಿರುವುದರಿಂದ ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್‌ಗಳು, ಕ್ಲಚ್ ಪ್ಲೇಟ್ ಇವನ್ನೂ ಆಗಲೇ ನೋಡಿಕೊಳ್ಳುವುದು ಲೇಸು. ರೇಡಿಯೇಟರ್ ಶುಚಿ ಮಾಡಿಸದೆ ಹೊಸ ಇಂಜಿನ್ ಸ್ಟಾರ್ಟ್ ಮಾಡಿಸಲೇಬೇಡ. ಹಳೆಯ ಇಂಜಿನ್ ಕಾದು ಕೆಟ್ಟಿದ್ದರೆ ಹೊಸದೂ ಅದೇ ಕಾರಣಕ್ಕೆ ಕಾಯುತ್ತದೆ. ಸ್ಟಾರ್ಟ್ ಆದ ಮೇಲೆ ಸುಮ್ಮನೆ ನಿಲ್ಲಿಸಿ ಗಂಟೆಗಟ್ಟಲೆ ಓಡಿಸುವ ರೂಢಿ ಕೆಲವರಲ್ಲಿದೆ, ಅದು ತಪ್ಪು: ರಿಂಗ್ ಗೋಡೆಗೆ ಕೂರಬೇಕಾದರೆ ಇಂಜಿನ್ನಿನ ಮೇಲೆ ಹದವಾದ ಭಾರ ಬೀಳಬೇಕು, ವೇಗ ಏರುತ್ತ ಇಳಿಯುತ್ತ ಇರಬೇಕು. ಮೊದಲ 500 ಕಿಲೋಮೀಟರಿನ ಆಸುಪಾಸಿನಲ್ಲಿ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಾಯಿಸಬೇಕು.

ಇಷ್ಟು ಬರೆದ ಮೇಲೂ, ನಿನ್ನ ಗಾಡಿಗೆ ಬೇಕಾಗಿರುವುದು ಬರೀ ವಾಲ್ವ್ ಸೀಲ್ ಇರಬಹುದೆಂಬ ಆಸೆ ನನಗಿದೆ. ಆದರೆ ಏರಿನಲ್ಲಿ ಎಳೆತ ಕಡಿಮೆಯಾಗಿದೆ ಎಂದಿದ್ದೀಯಲ್ಲ, ಸೀಲ್ ಒಂದರಿಂದ ಎಳೆತ ಅಷ್ಟು ಬೀಳುವುದಿಲ್ಲ, ಅದೊಂದು ಮಾತು ನನ್ನನ್ನು ಕಾಡುತ್ತಿದೆ. ನಾಲ್ಕೂ ಸಿಲಿಂಡರುಗಳ ಅಂಕಿಗಳನ್ನು ಆಯಿಲ್ ಹಾಕುವ ಮೊದಲಿನದು, ಹಾಕಿದ ಮೇಲಿನದು ಎಂದು ಬೇರೆ ಬೇರೆಯಾಗಿ ಬರೆದು, ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆ, ಬಿಸಿ ಇಂಜಿನ್ನಿನ ಆಯಿಲ್ ಒತ್ತಡ ಎಷ್ಟು ಎಂಬುದನ್ನೂ ಸೇರಿಸಿ ಕಳಿಸು. ನನ್ನ ಉತ್ತರ ಬರುವವರೆಗೆ ಎರಡು ದಿನಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಆಯಿಲ್ ಮಟ್ಟ ಕಾಯ್ದುಕೊ, ಭಾರ ಹೇರಬೇಡ, ಯಾರಿಗೂ ಮುಂಗಡ ಕೊಡಬೇಡ.

ಇತಿ,
ನಿನ್ನ ದೊಡ್ಡಪ್ಪ