ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಪ್ಪ, ನನಗೆ ಒಂದೇ ಪಾಯಿಂಟ್ ಅಂತೆ" ಅಂದು ಸುಮ್ಮನಾದೆ. ಅಷ್ಟರಲ್ಲಿ ಅಂಗಡಿಗೆ ಯಾರೋ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದರು. ಮಾತು ಅರ್ಧಕ್ಕೇ ನಿಂತಿತು. ನಿನ್ನ ದನಿ ಕೇಳಿದರೆ ಯಾವುದೋ ಪರೀಕ್ಷೆಯಲ್ಲಿ ಫೇಲ್ ಆದವಳ ಹಾಗಿತ್ತು. ಮುಂದಿನ ವಾರದಿಂದ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್‌ಗೆ ಹೋಗಲ್ಲ ಅಂತ ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಹೋಗುವುದು, ಬಿಡುವುದು ನಿನ್ನಿಷ್ಟ. ಆದರೆ ಆ ಒಂದು ಪಾಯಿಂಟ್ ಅಂದರೆ ಏನು ಅಂತ ತಿಳಿಯದೆ ಬಿಡಬೇಡ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ಮಧ್ಯೆ ಮಧ್ಯೆ "ಆಯ್ತಪ್ಪ, ಆಯ್ತಪ್ಪ" ಅಂದು ಮುಗಿಸಿಬಿಡುತ್ತೀಯ.

ಅಂಗಡಿ ಮುಚ್ಚಿದ ಮೇಲೆ ಕೂತು ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನ ನಿಯಮ ಪೂರ್ತಿ ಓದಿದೆ. ಗೊತ್ತಾಗದ ಕಡೆ ನಿಮ್ಮ ಕೋಚ್‌ಗೇ ಮೆಸೇಜ್ ಮಾಡಿ ಕೇಳಿದೆ. ಬೈಕೋಬೇಡ.

ಆ ಆಟದಲ್ಲಿ ಪ್ರತಿಯೊಬ್ಬರಿಗೂ 1ರಿಂದ 4.5ರವರೆಗೆ ಒಂದು ಅಂಕ ಕೊಡುತ್ತಾರೆ. ಅದು ಚೆನ್ನಾಗಿ ಆಡುತ್ತಾರೋ ಇಲ್ಲವೋ ಅಂತ ಹಾಕಿದ ಮಾರ್ಕ್ಸ್ ಅಲ್ಲ. ಕುರ್ಚಿಯಲ್ಲಿ ಕೂತಾಗ ಮೈ ಎಷ್ಟು ಮಾತು ಕೇಳುತ್ತದೆ ಅನ್ನುವುದರ ಲೆಕ್ಕ. ಮೊಣಕಾಲಿನಿಂದ ಕೆಳಗೆ ಒಂದು ಕಾಲಿಲ್ಲದವರು ಸೊಂಟ ತಿರುಗಿಸಬಲ್ಲರು, ಎರಡೂ ಪಕ್ಕಕ್ಕೆ ಪೂರ್ತಿ ಬಾಗಬಲ್ಲರು. ಅಂಥವರು 4.5. ನಿನ್ನ ಹಾಗೆ ಸೊಂಟ, ಹೊಟ್ಟೆಯ ಹಿಡಿತ ಕಮ್ಮಿ ಇರುವವರು 1. ಇಷ್ಟೇ ಆಗಿದ್ದರೆ ನಿನ್ನ ಬೇಜಾರು ಸರಿ ಅಂತಲೇ ಹೇಳುತ್ತಿದ್ದೆ. ಆದರೆ ಇದರ ಜೊತೆ ಇನ್ನೊಂದು ನಿಯಮ ಇದೆ. ಅಂಕಣದಲ್ಲಿರುವ ಐದು ಜನರ ಅಂಕ ಕೂಡಿದರೆ 14 ದಾಟುವ ಹಾಗಿಲ್ಲ. ದಾಟಿದರೆ ಟೆಕ್ನಿಕಲ್ ಫೌಲ್.

ಈಗ ಪೆನ್ನು ಹಿಡಿದು ಲೆಕ್ಕ ಹಾಕು. 4.5ರ ಆಟಗಾರರು ಇಬ್ಬರಿದ್ದರೆ ಅಲ್ಲಿಗೇ 9 ಮುಗಿಯಿತು. ಉಳಿದ 5ರಲ್ಲಿ ಮೂರು ಜನ ಬರಬೇಕು. ನೀನು 1, ಇನ್ನಿಬ್ಬರು ಎರಡೆರಡು. ಸರಿಹೋಯಿತು. ನಿನ್ನನ್ನು ತೆಗೆದು ಆ ಜಾಗಕ್ಕೆ 2.5ರವರನ್ನು ಹಾಕಲಿ ನೋಡೋಣ. 15.5 ಆಗುತ್ತೆ. ಆಗ ಆ 4.5ರ ಉದ್ದ ತೋಳಿನವರಲ್ಲಿ ಒಬ್ಬರು ಬೆಂಚಿಗೆ ಹೋಗಿ ಕೂರಬೇಕು. ಬರೀ ಗಟ್ಟಿ ಮೈಯವರನ್ನೇ ಗುಡ್ಡೆ ಹಾಕಿ ತಂಡ ಕಟ್ಟೋಕೆ ಆಗಲ್ಲ ಕಣಮ್ಮ. 4.5ರವರು ಮೂವರು ಸೇರಿದರೇ 13.5. ಉಳಿದ ಅರ್ಧಕ್ಕೆ ಯಾರು ಬರುತ್ತಾರೆ? ಅಂದರೆ ಅವರು ಆಡಬೇಕಾದರೆ ನೀನು ಬೇಕು. ಪಾಪ ಅಂತ ಸೇರಿಸಿಕೊಳ್ಳುವ ಮಾತೇ ಇಲ್ಲಿಲ್ಲ.

ನೀನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಮಕ್ಕಳು ನಿನ್ನನ್ನು ಆಟಕ್ಕೆ ಕರೆಯುತ್ತಿದ್ದರು. ಒಳ್ಳೆಯ ಮಕ್ಕಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ. ನಿನ್ನನ್ನು ಮುಟ್ಟಿದರೂ ಔಟ್ ಇಲ್ಲ, ನೀನು ಮುಟ್ಟಿದರೂ ಔಟ್ ಇಲ್ಲ. ಸ್ವಲ್ಪ ಹೊತ್ತಿಗೆ ನೀನು ಕುರ್ಚಿ ತಿರುಗಿಸಿಕೊಂಡು ಅಂಗಡಿಗೆ ಬಂದು ಸ್ಪೋಕ್ ಎಣಿಸುತ್ತಾ ಕೂರುತ್ತಿದ್ದೆ. ಔಟೇ ಆಗದ ಆಟದಲ್ಲಿ ಏನು ಮಜಾ ಇರುತ್ತೆ ಹೇಳು? ಸ್ಕೂಲಿನಲ್ಲಂತೂ ಆಟದ ಪಿರಿಯಡ್ ಬಂದರೆ ನಿನಗೆ ಎಲ್ಲರ ಬ್ಯಾಗ್ ಕಾಯುವ ಕೆಲಸ. ನಾನು ಹೋಗಿ ಕೇಳಿದರೆ "ಬಿದ್ದುಗಿದ್ದರೆ ಯಾರು ಜವಾಬ್ದಾರಿ ಸಾರ್" ಅಂದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಶಾಲೆಗಳು ಇಂಥ ಮಕ್ಕಳಿಗೆ ಪಾಠದ ಜೊತೆ ಆಟ, ಮನರಂಜನೆಯಲ್ಲೂ ಸಮಾನ ಅವಕಾಶ ಕೊಡಬೇಕು ಅಂತ ಬರೆದಿದೆ. ಕಾನೂನು ಪುಸ್ತಕದಲ್ಲಿತ್ತು. ನೀನು ಬ್ಯಾಗುಗಳ ಪಕ್ಕದಲ್ಲಿದ್ದೆ.

ಅದಕ್ಕೇ ಈ 14ರ ಲೆಕ್ಕ ಕಂಡುಹಿಡಿದವರ ಮೇಲೆ ನನಗೆ ತುಂಬಾ ಗೌರವ ಬಂತು. ಮೊದಲು ಡಾಕ್ಟರುಗಳು ಟೇಬಲ್ ಮೇಲೆ ಮಲಗಿಸಿ, ಸ್ನಾಯು ಒತ್ತಿ ನೋಡಿ, ಯಾರು ಯಾವ ಗುಂಪು ಅಂತ ಹೇಳುತ್ತಿದ್ದರಂತೆ. ಜರ್ಮನಿಯ ಹಾರ್ಸ್ಟ್ ಸ್ಟ್ರೋಕೆಂಡಲ್ ಅನ್ನುವವರು ಅದು ಬೇಡ, ಕುರ್ಚಿಯಲ್ಲಿ ಕೂತು ಆಡುವಾಗ ನೋಡೋಣ ಅಂದರು. ಚೆಂಡು ಹೇಗೆ ಹಿಡಿಯುತ್ತಾರೆ, ಹೇಗೆ ಬಾಗುತ್ತಾರೆ, ಹೇಗೆ ತಿರುಗುತ್ತಾರೆ, ಅದನ್ನು ನೋಡಿ ಅಂಕ. 1980ರ ದಶಕದಿಂದ ಅದೇ ದಾರಿ. ಆಸ್ಪತ್ರೆ ಟೇಬಲ್ ಕಂಡರೆ ನಿನಗೆ ಎಷ್ಟು ಸಿಟ್ಟು ಅಂತ ನನಗೆ ಗೊತ್ತಲ್ಲ, ಅದಕ್ಕೇ ಹೇಳಿದೆ.

ಇನ್ನು ಒಂದು ಪಾಯಿಂಟಿನವರು ಅಂಕಣದಲ್ಲಿ ಏನು ಮಾಡುತ್ತಾರೆ? 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್ ಹೆಣ್ಣುಮಕ್ಕಳು ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದರಲ್ಲ, ಅಂಥ ಪಂದ್ಯ ನೋಡುವಾಗ ಚೆಂಡು ಇರುವ ಕಡೆ ನೋಡಬೇಡ. ಚೆಂಡು ಇಲ್ಲದ ಕಡೆ ನೋಡು. ಕುರ್ಚಿ ಮುಂದೆ ಹೋಗುತ್ತೆ, ಹಿಂದೆ ಹೋಗುತ್ತೆ, ನಿಂತಲ್ಲೇ ತಿರುಗುತ್ತೆ. ಪಕ್ಕಕ್ಕೆ ಮಾತ್ರ ಒಂದಿಂಚೂ ಸರಿಯಲ್ಲ. ಕಾಲಿನಲ್ಲಿ ಆಡುವವರು ಎದುರಿಗೆ ಯಾರಾದರೂ ನಿಂತರೆ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು ದಾಟಿಬಿಡುತ್ತಾರೆ. ಇಲ್ಲಿ ಅದು ನಡೆಯಲ್ಲ. ಎದುರಾಳಿಯ 4.5ರವಳು ತನ್ನ ಬುಟ್ಟಿ ಕಾಯಲು ವಾಪಸ್ ನುಗ್ಗುವ ಮೊದಲೇ ನೀನು ಅವಳ ದಾರಿಗೆ ಕುರ್ಚಿ ಅಡ್ಡ ನಿಲ್ಲಿಸಿದರೆ, ಅವಳ ತೋಳು ಎಷ್ಟೇ ಉದ್ದ ಇರಲಿ, ಹಿಂದೆ ಸರಿದು ಸುತ್ತು ಹಾಕಿಯೇ ಬರಬೇಕು. ಅಷ್ಟರಲ್ಲಿ ನಿಮ್ಮವರು ಆ ಕಡೆ ಚೆಂಡು ಹಾಕಿರುತ್ತಾರೆ. ಇದಕ್ಕೆ ಬೇಕಾಗಿರುವುದು ಎತ್ತರವೂ ಅಲ್ಲ, ಸೊಂಟದ ಬಲವೂ ಅಲ್ಲ. ಇನ್ನೊಬ್ಬರು ಎಲ್ಲಿಗೆ ಹೊರಟಿದ್ದಾರೆ ಅಂತ ಅವರಿಗಿಂತ ಒಂದು ಕ್ಷಣ ಮೊದಲೇ ತಿಳಿಯಬೇಕು. ಚೌಕಾಬಾರ ಆಡುವಾಗ ನಿನ್ನ ಅಜ್ಜಿಯ ಕಾಯಿಗಳನ್ನು ಎಲ್ಲಿ ಕಾದು ಹೊಡೆಯುತ್ತಿದ್ದೆ ಅಂತ ನೆನಪಿದೆಯಾ? ಆ ಕಿಲಾಡಿ ಬುದ್ಧಿ ಇಲ್ಲಿ ಕೆಲಸಕ್ಕೆ ಬರುತ್ತೆ.

ಉಳಿದ ನಿಯಮವೂ ಒಮ್ಮೆ ನೋಡು. ಬುಟ್ಟಿಯ ಎತ್ತರ ಒಂದು ಚೂರೂ ಇಳಿಸಿಲ್ಲ, ಅದೇ 3.05 ಮೀಟರ್. ಅಂಕಣವೂ ಅಷ್ಟೇ ದೊಡ್ಡದು. ಬದಲಾಗಿರುವುದು ಬೇಕಾದ್ದು ಮಾತ್ರ. ಚೆಂಡು ತೊಡೆ ಮೇಲಿಟ್ಟುಕೊಂಡು ಚಕ್ರಕ್ಕೆ ಎರಡು ಸಲ ಕೈ ಕೊಡಬಹುದು, ಮೂರನೆಯ ಸಲಕ್ಕೆ ಮೊದಲು ಚೆಂಡು ನೆಲಕ್ಕೆ ಕುಟ್ಟಲೇಬೇಕು. ಕುರ್ಚಿಯೂ ಮೈಯ ಭಾಗವೇ, ಡಿಕ್ಕಿ ಹೊಡೆದರೆ ಫೌಲ್. ಸೀಟಿನಿಂದ ಮೇಲೆದ್ದು ಲಾಭ ಮಾಡಿಕೊಂಡರೂ ಫೌಲ್. ಕೆಲವು ದೇಶಗಳ ಲೀಗ್‌ಗಳಲ್ಲಿ ಗಂಡು ಹೆಣ್ಣು ಒಟ್ಟಿಗೆ ಆಡುತ್ತಾರೆ. ಅಲ್ಲಿ ಹುಡುಗಿ ಕಣಕ್ಕಿಳಿದರೆ ತಂಡಕ್ಕೆ ಲೆಕ್ಕದಲ್ಲಿ ಇನ್ನಷ್ಟು ರಿಯಾಯಿತಿ ಸಿಗುತ್ತೆ.

ನೀನು ಕಳಿಸಿದ ಕುರ್ಚಿ ಫೋಟೊ ನೋಡಿ ನನಗೆ ನಿದ್ದೆ ಬರಲಿಲ್ಲ. ಚಕ್ರ ಎರಡೂ ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿವೆ. ಸೈಕಲ್ ಹೀಗೆ ಬಂದಿದ್ದರೆ ಆಕ್ಸಲ್ ಬೆಂಡ್ ಅಂತ ಆಗಲೇ ಬಿಚ್ಚಿ ಹಾಕುತ್ತಿದ್ದೆ. ಆಮೇಲೆ ಯೋಚಿಸಿದರೆ ಎಂಥ ತಲೆ ಅನಿಸಿತು. ಕೆಳಗೆ ಅಗಲ ಜಾಸ್ತಿ ಆದ್ದರಿಂದ ಪಕ್ಕಕ್ಕೆ ಮಗುಚುವುದು ಕಮ್ಮಿ. ತಿರುಗುವುದು ಸಲೀಸು. ಎರಡು ಕುರ್ಚಿ ಡಿಕ್ಕಿಯಾದರೆ ಚಕ್ರದ ಬುಡಗಳೇ ಮೊದಲು ತಾಕುತ್ತವೆ, ಮೇಲೆ ಇರುವ ಬೆರಳು ಉಳಿಯುತ್ತವೆ. ಹಿಂದಕ್ಕೆ ಬೀಳದ ಹಾಗೆ ಬೆನ್ನ ಹಿಂದೆ ಇನ್ನೊಂದು ಪುಟ್ಟ ಚಕ್ರ. ನಿನ್ನಂಥ ಆಟಗಾರರಿಗೆ ಸೀಟು ಹಿಂದೆ ತಗ್ಗು, ಮಂಡಿ ಮೇಲೆ. ಮೈ ತಾನಾಗಿ ಕುರ್ಚಿಯೊಳಗೆ ಕೂತುಬಿಡುತ್ತೆ, ಸೊಂಟ ಮಾಡಬೇಕಾದ ಕೆಲಸವನ್ನು ಸೀಟೇ ಮಾಡುತ್ತೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಹಿಂದೆ ತಳ್ಳುವ ಹಿಡಿಕೆಯೇ ಇಲ್ಲದಿರುವುದು. ಮದುವೆ ಮನೆಯಲ್ಲಿ ಯಾರ್ಯಾರೋ ಬಂದು, ಕೇಳದೆ, ಮಾತಾಡಿಸದೆ ನಿನ್ನ ಕುರ್ಚಿ ಹಿಡಿದು ಪಕ್ಕಕ್ಕೆ ಸರಿಸುತ್ತಾರಲ್ಲ, ಆ ಕೈಗಳಿಗೆ ಇಲ್ಲಿ ಹಿಡಿಯೋಕೆ ಏನೂ ಸಿಗಲ್ಲ.

ಥೆರಪಿಗೆ ಬರುತ್ತಿದ್ದ ನಿನ್ನ ಗೆಳತಿಗೂ ಹೇಳು. ಅವಳಿಗೆ ಸೆರೆಬ್ರಲ್ ಪಾಲ್ಸಿ, ಕೈ ನಿಲ್ಲಲ್ಲ, ಬ್ಯಾಸ್ಕೆಟ್‌ಬಾಲ್ ಕಷ್ಟ. ಅಂಥವರಿಗೆಂದೇ ಬೋಚಿಯಾ ಅಂತ ಒಂದು ಆಟ ಇದೆ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ. ಬಿಳಿ ಚೆಂಡು ಒಂದು. ಒಬ್ಬರಿಗೆ ಆರು ಕೆಂಪು, ಇನ್ನೊಬ್ಬರಿಗೆ ಆರು ನೀಲಿ. ಬಿಳಿ ಚೆಂಡಿಗೆ ಯಾರದ್ದು ಹತ್ತಿರವೋ ಅವರಿಗೆ ಅಂಕ. ಕೈಯಲ್ಲಿ ಎಸೆಯಲು ಆಗದವರು ಇಳಿಜಾರು ಪಟ್ಟಿಯ ಮೇಲಿಂದ ಚೆಂಡು ಬಿಡುತ್ತಾರೆ, ಬೇಕಾದರೆ ತಲೆಗೆ ಕಟ್ಟಿದ ಕಡ್ಡಿಯಿಂದ ತಳ್ಳುತ್ತಾರೆ. ಪಟ್ಟಿ ಹಿಡಿದುಕೊಳ್ಳಲು ಒಬ್ಬ ಸಹಾಯಕ ಇರುತ್ತಾನೆ. ಆದರೆ ಅವನು ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವ ಹಾಗಿಲ್ಲ. ಆಟಗಾರ್ತಿ ಎಡಕ್ಕೆ ಅಂದರೆ ಎಡಕ್ಕೆ, ಮೇಲಕ್ಕೆ ಅಂದರೆ ಮೇಲಕ್ಕೆ, ಅಷ್ಟೇ ಅವನ ಕೆಲಸ. ಅವಳ ಅಮ್ಮ ಎಲ್ಲದಕ್ಕೂ ತಾನೇ ಮುಂದೆ ಬಿದ್ದು ಉತ್ತರ ಕೊಡುತ್ತಾರಲ್ಲ, ಅವರೇ ಸಹಾಯಕರಾಗಿ ಕೂತರೆ ಚೆನ್ನ. ಇದನ್ನು ಅವರಿಗೆ ಹೇಳಬೇಡ.

ಈಗ ಪದಕದ ವಿಷಯ. 2012ರಲ್ಲಿ ನಮ್ಮ ಜಿಲ್ಲೆಯ ಗಿರೀಶ್ ಲಂಡನ್‌ನಲ್ಲಿ ಎತ್ತರ ಜಿಗಿತಕ್ಕೆ ಬೆಳ್ಳಿ ತಂದಾಗ ಅಂಗಡಿಗೆ ಬಂದವರೆಲ್ಲ ನಿನ್ನ ತಲೆ ಸವರಿ "ನೀನೂ ಹಂಗೇ ಆಗ್ಬೇಕು ಪುಟ್ಟಿ" ಅನ್ನುತ್ತಿದ್ದರು. ಕತ್ತರಿ ಶೈಲಿಯಲ್ಲಿ 1.74 ಮೀಟರ್ ಹಾರಿದ್ದರು. ಆ ಸಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಹೆಮ್ಮೆ ಆಗದೆ ಇರುತ್ತಾ? ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿ, ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೊದಲ್ಲೂ ಬೆಳ್ಳಿ, ಪ್ಯಾರಿಸ್‌ನಲ್ಲೂ ಬೆಳ್ಳಿ. ಬೆಂಗಳೂರಿನ ಈಜುಗಾರ ನಿರಂಜನ್ ಮುಕುಂದನ್ ಹೆಸರು ನಿಮ್ಮಮ್ಮ ದಿನಾ ಹೇಳುತ್ತಾಳೆ, ನಿನಗಿರುವ ಸ್ಪೈನಾ ಬಿಫಿಡಾ, ಅದೇ ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದಿರುವ ತೊಂದರೆ, ಅವರಿಗೂ ಇದೆ ಅಂತ. ಅಥ್ಲೀಟ್ ಮಾಲತಿ ಹೊಳ್ಳ ಅವರಂತೂ ಇವರಿಗೆಲ್ಲ ಹಿರಿಯರು. 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದಾಗ ನಮ್ಮ ಪತ್ರಿಕೆಗಳು ಎಷ್ಟು ಸಾಲು ಬರೆದಿದ್ದವೋ ಏನೋ.

ಇವರೆಲ್ಲ ದೊಡ್ಡವರು. ಆದರೆ ಒಂದು ಮಾತು ನನಗೆ ಯಾವಾಗಲೂ ಚುಚ್ಚುತ್ತೆ. ನಿನ್ನ ದೊಡ್ಡಪ್ಪನ ಮಗ ಪ್ರತಿ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾನೆ. ಡಕ್ ಔಟ್ ಆಗಿ ಬರುತ್ತಾನೆ, ಇಡ್ಲಿ ತಿನ್ನುತ್ತಾನೆ, ಮಲಗುತ್ತಾನೆ. ಯಾವಾಗ ಇಂಡಿಯಾಗೆ ಆಡ್ತೀಯಪ್ಪ ಅಂತ ಅವನನ್ನು ಯಾರೂ ಕೇಳಲ್ಲ. ನೀನು ಚೆಂಡು ಮುಟ್ಟಿದ ತಕ್ಷಣ ಎಲ್ಲರಿಗೂ ಪ್ಯಾರಾಲಿಂಪಿಕ್ಸ್ ಬೇಕು. ಇಲ್ಲದಿದ್ದರೆ "ಒಳ್ಳೇದು, ಕೈಗೆ ಶಕ್ತಿ ಬರುತ್ತೆ" ಅನ್ನುತ್ತಾರೆ. ಚಿಕ್ಕಂದಿನಿಂದ ನೀನು ಮಾಡಿದ್ದೆಲ್ಲ ಎಕ್ಸರ್‌ಸೈಜೇ ಆಗಿತ್ತು. ನೀರಿಗೆ ಇಳಿದರೆ ಎಕ್ಸರ್‌ಸೈಜ್, ಮಣ್ಣು ಕಲಸಿದರೆ ಎಕ್ಸರ್‌ಸೈಜ್. ಔಷಧಿಯೂ ಅಲ್ಲದ, ಸಾಧನೆಯೂ ಅಲ್ಲದ ಒಂದು ಸಂಜೆ ನಿನಗೂ ಇರಲಿ ಅಂತ ನನ್ನ ಆಸೆ. ಕೆಟ್ಟದಾಗಿ ಆಡು. ಸೋಲು. ರೆಫರಿ ಜೊತೆ ಜಗಳ ಆಡು, ಸ್ವಲ್ಪ. ನಿನ್ನಿಂದ ಸೋತೆವು ಅಂತ ಯಾರಾದರೂ ಬೈದರೆ ಬೈಸಿಕೋ. ಲೆಕ್ಕದಲ್ಲಿ ಇರುವವರನ್ನು ಮಾತ್ರ ಹಾಗೆ ಬೈಯುತ್ತಾರೆ.

ಕೆಲವು ವಿಷಯ ನಿಮ್ಮಮ್ಮ ಬರೆಸುತ್ತಿದ್ದಾಳೆ, ಪಕ್ಕದಲ್ಲೇ ನಿಂತಿದ್ದಾಳೆ. ಆಟ ಮುಗಿದ ದಿನ ಕನ್ನಡಿ ಹಿಡಿದು ಕೂರುವ ಜಾಗದ ಚರ್ಮ ನೋಡಿಕೋ. ಕೆಂಪಗಾಗಿದ್ದು ಬೇಗ ಮಾಯವಾಗದಿದ್ದರೆ ಎರಡು ದಿನ ಆಟ ಬೇಡ. ನಿನಗೆ ಅಲ್ಲಿ ನೋವು ಗೊತ್ತಾಗಲ್ಲ, ಹುಣ್ಣು ತಾನಾಗಿ ಹೇಳಿಕೊಂಡು ಬರಲ್ಲ. ಸೀಟಿನ ಕುಶನ್ ಬಿಟ್ಟು ಆಡಬೇಡ. ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯುವುದು ನಿಲ್ಲಿಸಬೇಡ. ಮೂತ್ರ ತೆಗೆಯುವ ಕ್ಯಾಥೆಟರ್ ಹೊತ್ತು ತಪ್ಪಿಸಬೇಡ. ಕೈಗವಸು ಕೊಟ್ಟರೆ ಲೇಟೆಕ್ಸ್ ಇದೆಯಾ ಅಂತ ಕೇಳು, ಅಲರ್ಜಿ ಮರೆಯಬೇಡ. ಆಡದ ದಿನ ಭುಜಕ್ಕೆ ವಿಶ್ರಾಂತಿ ಕೊಡು. ಓಡಾಡೋಕೂ ಅದೇ ಭುಜ, ಆಟಕ್ಕೂ ಅದೇ ಭುಜ.

ಆ ಒಳಾಂಗಣದ ಬಾಗಿಲಲ್ಲಿ ಮೂರು ಮೆಟ್ಟಿಲಿದೆ ಅಂದೆಯಲ್ಲ, ಕೋಚ್ ಹತ್ತಿರ ಮಾತಾಡಿದ್ದೇನೆ. ವೀಲ್‌ಚೇರ್ ಆಟಕ್ಕೆ ಜಾಗ ಕೊಟ್ಟು ಬಾಗಿಲಿಗೆ ಮೆಟ್ಟಿಲು ಇಡುವವರಿಗೆ ಏನು ಹೇಳೋಣ! ತಗಡಿನ ಮಡಚುವ ರ‍್ಯಾಂಪ್ ಒಂದು ವೆಲ್ಡಿಂಗ್ ಶೆಡ್‌ನಲ್ಲಿ ಮಾಡಿಸುತ್ತಿದ್ದೇನೆ. ಮೆಟ್ಟಿಲಿನ ಎತ್ತರ ಟೇಪ್ ಹಿಡಿದು ಸರಿಯಾಗಿ ಅಳೆದು ಕಳಿಸು, ಅಂದಾಜು ಬೇಡ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅಷ್ಟು ಜಾಗ ಹೊರಗಡೆ ಇದೆಯಾ ಅದನ್ನೂ ನೋಡು.

ಇನ್ನೊಂದು. ನಿನಗೆ ಕೊಟ್ಟ ಕುರ್ಚಿಯ ಮುಂದಿನ ಪುಟ್ಟ ಚಕ್ರ ಜೋರಾಗಿ ಹೋದಾಗ ಗಡಗಡ ಅದುರುತ್ತೆ ಅಂದೆ. ಮೊದಲು ಆಕ್ಸಲ್‌ಗೆ ಕೂದಲು ಸುತ್ತಿಕೊಂಡಿದೆಯಾ ನೋಡು, ಹೆಚ್ಚಿನ ಸಲ ಅದೇ ಇರುತ್ತೆ. ಇಲ್ಲದಿದ್ದರೆ ಬೇರಿಂಗ್ ಹೋಗಿರಬೇಕು. ಬೇರಿಂಗಿನ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್ ಇರುತ್ತೆ, ಫೋಟೊ ತೆಗೆದು ಕಳಿಸು. ಆ ಕುರ್ಚಿಗಳಿಗೆ ದುಡ್ಡು ಜಾಸ್ತಿ, ಎಲ್ಲರೂ ಹಂಚಿಕೊಂಡು ಆಡುವುದು, ಹಾಗಾಗಿ ಉಳಿದವುಗಳ ನಂಬರೂ ಕೇಳು. ಒಟ್ಟಿಗೇ ತರಿಸಿ ಹಾಕಿಕೊಡುತ್ತೇನೆ. ನೀನು ಆಡೋದು ಬಿಟ್ಟರೂ ಅದನ್ನು ಮಾಡಿಕೊಡುತ್ತೇನೆ ಅಂತ ಕೋಚ್‌ಗೆ ಹೇಳಿಬಿಟ್ಟಿದ್ದೇನೆ, ಅದರ ಚಿಂತೆ ನಿನಗೆ ಬೇಡ.

ನಿನ್ನ
ಅಪ್ಪ

ಕೋಡುಬಳೆ ಡಬ್ಬ ಬಸ್ಸಿನಲ್ಲಿ ಕಳಿಸಿದ್ದೇವೆ. ಅದರಲ್ಲಿ ಅರ್ಧ ಭಾಗ ತಂಡದವರಿಗೆ ಅಂತ ನಿಮ್ಮಮ್ಮನ ಆರ್ಡರ್.